ಏರಿ ಕೆಳಗಿನ ಸಾಲು

ಹೋದ ತಿಂಗಳು ಚಿಂತಾಮಣಿಯಲ್ಲೊಂದು ಮದುವೆಗೆ ಹೊರಟಿದ್ದೆ. ಬಸ್ಸು ಶಿಡ್ಲಘಟ್ಟ ದಾಟುವಾಗ ರೇಷ್ಮೆ ಬಿಚ್ಚುವ ಮನೆಗಳ ಕಡೆಯಿಂದ ಆ ವಾಸನೆ ಕಿಟಕಿಯೊಳಗೆ ನುಗ್ಗಿತು. ಗೂಡು ಬೇಯಿಸಿ ನೂಲು ತೆಗೆದ ಮೇಲೆ ಉಳಿಯುತ್ತದಲ್ಲ, ಸತ್ತ ಹುಳ, ಅದರ ವಾಸನೆ. ಪಕ್ಕದಲ್ಲಿ ಕೂತಿದ್ದ ಹುಡುಗಿ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡು, "ಆಂಟಿ, ಕಿಟಕಿ ಹಾಕ್ತೀರಾ ಪ್ಲೀಸ್" ಎಂದಳು. "ಸ್ವಲ್ಪ ತಡ್ಕೊಳಮ್ಮ, ಇದು ನನ್ನ ಮೊದಲ ಸಂಬಳದ ವಾಸನೆ" ಎಂದೆ. ತಲೆಕೆಟ್ಟ ಮುದುಕಿ ಎಂದುಕೊಂಡಿರಬೇಕು. ಅಂದುಕೊಳ್ಳಲಿ, ನನಗೇನು.

ನಾನು ಭೂಗೋಳ ಕಲಿಸಿದವಳು. ತೊಂಬತ್ತೊಂದರ ಜನಗಣತಿ ಮುಗಿದು ಸ್ವಲ್ಪ ಕಾಲವಾಗಿತ್ತು, ಈ ಸೀಮೆಯೆಲ್ಲ ಇನ್ನೂ ಕೋಲಾರ ಜಿಲ್ಲೆಯಲ್ಲಿತ್ತು. ಚಿಕ್ಕಬಳ್ಳಾಪುರದ ಪೇಟೆಯಲ್ಲಿ ಹುಟ್ಟಿ ಬೆಳೆದ ನನ್ನನ್ನು ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವಿನ ಒಂದು ಹಳ್ಳಿಯ ಹೈಸ್ಕೂಲಿಗೆ ಹಾಕಿದರು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ, ನಮ್ಮ ಕೆರೆ ಮಾನ ಕಳೆದ್ರಿ ಎಂದು ಅಲ್ಲಿನವರು ನನ್ನ ಮನೆ ಬಾಗಿಲಿಗೇ ಜಗಳಕ್ಕೆ ಬರುತ್ತಾರೆ. ಜಗಳ ಮುಗಿಸಿ ಊಟ ಮಾಡಿಕೊಂಡೇ ಹೋಗುತ್ತಾರೆ, ಅಂಥ ಜನ.

ಊರು ಹೀಗಿತ್ತು. ಮೇಲುಗಡೆ ದೊಡ್ಡ ಕೆರೆ. ಅದರ ನೀರಿಗೆ ಅಡ್ಡವಾಗಿ ಹಿರಿಯರು ಕಟ್ಟಿದ ಎತ್ತರದ ಮಣ್ಣಿನ ಏರಿ. ಏರಿಯ ಕೆಳಗೆ ಬಾವಿಗಳು, ಹಿಪ್ಪುನೇರಳೆ ತೋಟಗಳು, ತೋಟಕ್ಕೆ ಒರಗಿಕೊಂಡೇ ಮನೆಗಳ ಸಾಲು. ಊರಿನ ಮುಕ್ಕಾಲು ಪಾಲು ಜನ ಆ ಸಾಲಿನಲ್ಲೇ ಒತ್ತೊತ್ತಾಗಿ ಇದ್ದರು. ಎದುರಿಗೆ ಒಂದು ಕಲ್ಲು ದಿನ್ನೆ. ಹುಲ್ಲೂ ಸರಿಯಾಗಿ ಬೆಳೆಯದ ಜಾಗ. ಯಾರಿಗೂ ಬೇಡವಾದ್ದರಿಂದ ಅದನ್ನು ಸ್ಕೂಲಿಗೆ ದಾನ ಕೊಟ್ಟಿದ್ದರು.

ನಾನು ಬಾಡಿಗೆಗಿದ್ದದ್ದು ಏರಿ ಕೆಳಗಿನ ಸಾಲಿನಲ್ಲಿ, ಮುನಿಯಮ್ಮ ಎಂಬುವರ ಮನೆಯ ಮುಂದಿನ ಕೋಣೆಯಲ್ಲಿ. ಗಂಡ ತೀರಿಕೊಂಡಿದ್ದ. ಒಬ್ಬಳೇ ಮಗಳು ಪದ್ಮ ನನ್ನ ಹತ್ತನೇ ಕ್ಲಾಸಿನಲ್ಲೇ ಓದುತ್ತಿದ್ದಳು. ನಾನು ಅವರನ್ನು ಮುನಿಯಕ್ಕ ಎನ್ನುತ್ತಿದ್ದೆ. ನನಗೆ ಅಕ್ಕನೇ ಆದ್ದರಿಂದ ಇನ್ನು ಮುಂದೆ ಏಕವಚನದಲ್ಲೇ ಬರೆಯುತ್ತೇನೆ. ಆ ಮನೆಯಲ್ಲಿ ಮನುಷ್ಯರಿಗೆ ಜಾಗ ಕಡಿಮೆ. ದಪ್ಪ ಮಣ್ಣಿನ ಗೋಡೆಯ ದೊಡ್ಡ ಹಜಾರವೆಲ್ಲ ರೇಷ್ಮೆ ಹುಳದ್ದು. ಬಿದಿರಿನ ತಟ್ಟೆಗಳು ಒಂದರ ಮೇಲೊಂದು, ಸೂರಿನವರೆಗೆ. ಮನೆಯಲ್ಲಿ ಒಣಮೆಣಸಿನಕಾಯಿ ಹುರಿಯುವ ಹಾಗಿಲ್ಲ, ಊದುಬತ್ತಿ ಹಚ್ಚುವ ಹಾಗಿಲ್ಲ, ಹೊರಗಿಂದ ಬಂದವರು ಕೈಕಾಲು ತೊಳೆಯದೆ ಹಜಾರದ ಹೊಸ್ತಿಲು ದಾಟುವ ಹಾಗಿಲ್ಲ. ಮೊದಲ ದಿನ ನಾನು ಮುಖಕ್ಕೆ ಪೌಡರ್ ಹಾಕಿಕೊಂಡು ಅತ್ತ ಇಣುಕಿದ್ದಕ್ಕೆ ಮುನಿಯಕ್ಕ ಕೈ ಅಡ್ಡ ಹಿಡಿದಳು. "ನಿಮ್ಮ ಘಮಕ್ಕೆ ನನ್ನ ಹುಳ ಮೂರ್ಛೆ ಹೋಗ್ತವೆ ಟೀಚರಮ್ಮ. ಸ್ಕೂಲಲ್ಲಿ ಹಾಕ್ಕೊಳ್ಳಿ, ಅಲ್ಲಿ ಹುಡುಗ್ರು ಮೂರ್ಛೆ ಹೋದ್ರೆ ಹೋಗ್ಲಿ."

ಹತ್ತನೇ ಕ್ಲಾಸಿಗೆ ಜಪಾನಿನ ಪಾಠವಿತ್ತು. ಭೂಕಂಪ, ಜ್ವಾಲಾಮುಖಿ, ಚಂಡಮಾರುತ ಇವೆಲ್ಲ ಇರುವ ದೇಶದಲ್ಲಿ ಜನ ಎಲ್ಲೆಲ್ಲಿ ದಟ್ಟವಾಗಿದ್ದಾರೆ, ಯಾಕೆ ಎಂಬುದು ವಿಷಯ. ಪುಸ್ತಕ ಓದಿ ಹೇಳಿದರೆ ಮಕ್ಕಳು ಕಣ್ಣು ತೆರೆದೇ ನಿದ್ದೆ ಮಾಡುತ್ತಿದ್ದವು. ನನಗೆ ಕೋಪ ಬಂತು. ಎಲ್ಲರೂ ನಾಳೆ ಒಂದೊಂದು ಹಿಡಿ ಹುರುಳಿಕಾಳು ತನ್ನಿ ಎಂದೆ. ಮಾರನೆ ದಿನ ಬೆಂಚುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಜಪಾನ್ ಬರೆದೆ. ಒಂದು ಕಾಳಿಗೆ ಇಷ್ಟು ಜನ ಎಂದು ಲೆಕ್ಕ ಹೇಳಿ ತುಂಬಿಸಲು ಬಿಟ್ಟೆ. ಬೆಟ್ಟಗಳೆಲ್ಲ ಬರಿದಾಗಿ ಉಳಿದವು, ಕರಾವಳಿಯ ಬಯಲುಗಳಲ್ಲಿ ಕಾಳು ಗುಡ್ಡೆ ಬಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಹೊಂಚು ಹಾಕಿದ್ದ ಕೋಳಿಯೊಂದು ಒಳಗೆ ನುಗ್ಗಿ ಟೋಕಿಯೋ ತಿಂದುಬಿಟ್ಟಿತು. ಆಮೇಲೆ ಆ ಪಾಠವನ್ನು ಯಾರೂ ಮರೆಯಲಿಲ್ಲ.

ನಗು ನಿಂತ ಮೇಲೆ ಪದ್ಮ ಎದ್ದು ನಿಂತಳು. "ಮಿಸ್, ಭೂಮಿ ನಡುಗ್ತದೆ, ಬೆಟ್ಟ ಬೆಂಕಿ ಕಾರ್ತದೆ, ಸಮುದ್ರ ಒಳಕ್ಕೆ ಬರ್ತದೆ ಅಂತೀರಾ. ಗೊತ್ತಿದ್ದೂ ಅಲ್ಲೇ ಯಾಕೆ ಮುತ್ಕೊಂಡವ್ರೆ?"

"ಬೇಸಾಯದ ಮಣ್ಣು ಅಲ್ಲೇ, ನೀರು ಅಲ್ಲೇ, ಬಂದರು ಅಲ್ಲೇ. ಅನ್ನ ಹುಟ್ಟೋ ಕಡೆ ಜನ ಇರ್ತಾರೆ" ಎಂದೆ. ಎಂದವಳು ಸುಮ್ಮನಿರದೆ, ಈಗ ನಮ್ಮ ಊರು ಬರೆಯಿರಿ ಎಂದೆ. ಕೆರೆ ಬಂತು, ಏರಿ ಬಂತು, ಮನೆಗೊಂದು ಕಾಳು ಬಂತು. ಕಾಳೆಲ್ಲ ಏರಿಯ ಬುಡದಲ್ಲೇ ಸಾಲುಗಟ್ಟಿತು. ದಿನ್ನೆಯ ಮೇಲೆ ಒಂದೂ ಇಲ್ಲ. "ನೋಡ್ರಪ್ಪ, ಇದೇ ನಮ್ಮ ಜಪಾನ್. ಕೆರೆ ತುಂಬಿ ಏರಿ ಒಡೆದ್ರೆ?" ಎಂದು ಕೇಳಿದೆ.

ಇಡೀ ಕ್ಲಾಸು ಮತ್ತೆ ನಕ್ಕಿತು. ಅವರು ಹುಟ್ಟಿದ ಮೇಲೆ ಆ ಕೆರೆ ತುಂಬಿದ್ದೇ ಇಲ್ಲ. ಅದರ ಅಂಗಳದಲ್ಲಿ ಅವರು ಕ್ರಿಕೆಟ್ ಆಡುತ್ತಿದ್ದರು.

ದೀಪಾವಳಿ ಕಳೆದ ಮೇಲೆ ಮದ್ರಾಸಿನ ಕಡೆ ಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದು ರೇಡಿಯೋ ಹೇಳಿತು. ನಮ್ಮ ಕಡೆಗೆ ಮಳೆ ಬರುವುದೇ ಹಾಗೆ. ಮುಂಗಾರು ಕೈಕೊಟ್ಟ ಮೇಲೆ ಯಾವುದೋ ದೂರದ ಸಮುದ್ರದಲ್ಲಿ ಏನೋ ಕೆಟ್ಟರೆ ನಮಗೆ ಒಳ್ಳೆಯದಾಗುತ್ತದೆ. ಜಡಿಮಳೆ ಹಿಡಿಯಿತು. ಹಗಲಿಡೀ ಒಂದೇ ಸಮನೆ, ಗುಡುಗಿಲ್ಲ ಮಿಂಚಿಲ್ಲ. ಒಣಗಿ ಬಿರಿದಿದ್ದ ಕೆರೆಯಂಗಳ ಮೊದಲು ಕೆಸರಾಯಿತು, ಆಮೇಲೆ ಕೆಂಪಗೆ ನೀರು ಕಟ್ಟಿತು, ವಾರ ಕಳೆಯುವಷ್ಟರಲ್ಲಿ ಆಚೆ ದಡ ಕಾಣದಷ್ಟು ಹರಡಿತು. ಊರಿಗೆ ಊರೇ ಏರಿಯ ಮೇಲೆ ನಿಂತಿತ್ತು. ಹೆಂಗಸರು ಅರಿಶಿನ ಕುಂಕುಮ ತಂದು ಗಂಗಮ್ಮನಿಗೆ ಪೂಜೆ ಮಾಡಿದರು. ಮುದುಕರು ನೀರು ನೋಡಿ ಅತ್ತರು. ಅಷ್ಟು ಸಂತೋಷವನ್ನು ನಾನು ಆಮೇಲೆ ಯಾವ ಹಬ್ಬದಲ್ಲೂ ಕಂಡಿಲ್ಲ.

ಈಗ ಆ ಊರಿನವರೇ ಮಾಡಬಹುದಾದ ಕೆಲಸ ಒಂದನ್ನು ಹೇಳಬೇಕು. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹರಿದುಹೋಗಲಿ ಎಂದು ಏರಿಯ ಒಂದು ಪಕ್ಕದಲ್ಲಿ ತಗ್ಗಾಗಿ ಕಲ್ಲು ಕಟ್ಟಿರುತ್ತಾರೆ. ಅದೇ ಕೋಡಿ. ಕೋಡಿ ಹರಿದರೆ ಕೆರೆ ಕ್ಷೇಮ ಎಂದು ಅರ್ಥ. ನಮ್ಮ ಊರಿನವರು ಮಾಡಿದ್ದೇನು ಎಂದರೆ, ನೀರು ಕೋಡಿಯ ಮಟ್ಟಕ್ಕೆ ಬರುತ್ತಿದ್ದ ಹಾಗೆ ಅದರ ಮೇಲೆ ಮಣ್ಣಿನ ಮೂಟೆ ಪೇರಿಸಿ, ಕಲ್ಲು ಇಟ್ಟು, ಸೊಂಟದೆತ್ತರಕ್ಕೆ ಕಟ್ಟೆ ಏರಿಸಿಬಿಟ್ಟರು. ಬಂದ ನೀರನ್ನು ಪಕ್ಕದ ಊರಿಗೆ ಬಿಟ್ಟುಕೊಡುವುದೇ? ಇನ್ನೂ ಅಷ್ಟು ನಿಂತರೆ ಇನ್ನೊಂದು ಬೆಳೆಗೆ ಆಯಿತಲ್ಲ. ಮುಂದೆ ನಿಂತು ಕಟ್ಟಿಸಿದವರು ಚೌಡರೆಡ್ಡಿ, ಮುನಿಯಕ್ಕನ ಗಂಡನ ಅಣ್ಣ, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ಯಜಮಾನರು. ಮೂಟೆಗೆ ಗೋಣಿಚೀಲ ಮನೆಮನೆಯಿಂದ ಹೋದವು. ಮುನಿಯಕ್ಕನೂ ಕೊಟ್ಟಳು.

ಮಳೆ ಒಂದು ದಿನ ಬಿಟ್ಟು ಮತ್ತೆ ಹಿಡಿಯಿತು. ಆ ಬೆಳಿಗ್ಗೆ ಸೊಪ್ಪು ಕೊಯ್ಯಲು ಹೋದ ಪದ್ಮ ಬರಿಗೈಲಿ ಓಡಿಬಂದಳು. "ಮಿಸ್, ತೋಟದಲ್ಲಿ ನೀರು ಉಕ್ತಾ ಐತೆ, ಬಂದು ನೋಡಿ."

ಹೋಗಿ ನೋಡಿದೆ. ಏರಿಯ ಬುಡದಲ್ಲಿ, ಹಿಪ್ಪುನೇರಳೆ ಸಾಲಿನ ನಡುವೆ, ಮಣ್ಣಿನಿಂದ ನೀರು ಬುಳುಬುಳು ಏಳುತ್ತಿತ್ತು. ತಿಳಿನೀರಾಗಿದ್ದರೆ ಒಂದು ಮಾತು. ಇದು ಕೆಂಪಗಿತ್ತು. ಏರಿಯೊಳಗಿನ ಮಣ್ಣು ಕರಗಿ ಬರುತ್ತಿದೆ ಎಂದು ತಿಳಿಯಲು ಭೂಗೋಳದ ಡಿಗ್ರಿ ಬೇಕಿರಲಿಲ್ಲ, ಇದ್ದದ್ದಕ್ಕೆ ನನಗೆ ಇನ್ನೂ ಹೆಚ್ಚು ಭಯವಾಯಿತು. ಸೀರೆ ಎತ್ತಿ ಕಟ್ಟಿ ನೇರ ಚೌಡರೆಡ್ಡಿಯವರ ಜಗುಲಿಗೆ ಹೋದೆ.

"ಯಜಮಾನ್ರೆ, ಕೋಡಿ ಮೇಲಿನ ಮೂಟೆ ತೆಗೆಸಿ. ಇವತ್ತೇ ತೆಗೆಸಿ."

ಅವರು ನಿಧಾನವಾಗಿ ಎಲೆಗೆ ಸುಣ್ಣ ಸವರಿದರು. "ಏಮಮ್ಮಾ ಟೀಚರಮ್ಮ, ನೀವು ಚಿಕ್ಕಬಳ್ಳಾಪುರದೋರು, ನಂದಿಬೆಟ್ಟದ ತಂಪಲ್ಲಿ ಬೆಳೆದೋರು. ಈ ಕೆರೆ ಹಿಂಗೆ ತುಂಬಿದ್ದು ನನ್ನ ಮದುವೆ ವರ್ಷ. ಆಮೇಲೆ ಇವತ್ತೇ. ಬಿಡು ಅಂದ್ರೆ ಹೆಂಗಮ್ಮ ಬಿಡ್ಲಿ?"

"ಏರಿ ಹೋದ್ರೆ ಎಲ್ಲಾ ನೀರೂ ಹೋಗ್ತದೆ, ಊರೂ ಹೋಗ್ತದೆ."

"ನನ್ನ ಮನೇನೂ ಏರಿ ಕೆಳಗೇ ಐತಲ್ಲ. ನನಗಿಲ್ಲದ ಭಯ ನಿಮಗ್ಯಾಕೆ?"

ಕೆಟ್ಟ ಮನುಷ್ಯರಲ್ಲ ಅವರು. ಜೀವಮಾನವೆಲ್ಲ ನೀರಿಲ್ಲ ಎಂಬ ಒಂದೇ ಭಯದಲ್ಲಿ ಬದುಕಿದವರಿಗೆ ನೀರೇ ಭಯ ಎಂದರೆ ಎಲ್ಲಿಂದ ತಿಳಿಯಬೇಕು. ಆದರೂ ಆ ಹೊತ್ತು ನನಗೆ ಅವರ ಎಲೆಯಡಿಕೆ ಚೀಲ ಕಿತ್ತು ಕೆರೆಗೆ ಎಸೆಯುವಷ್ಟು ಸಿಟ್ಟು ಬಂದಿತ್ತು.

ಮನೆಗೆ ಬಂದು ಮುನಿಯಕ್ಕನಿಗೆ, ಪದ್ಮಳನ್ನು ಕರೆದುಕೊಂಡು ಈಗಲೇ ದಿನ್ನೆಗೆ ನಡಿ ಎಂದೆ. ಅವಳು ಹುಳಕ್ಕೆ ಸೊಪ್ಪು ಹಾಸುತ್ತಿದ್ದಳು, ತಲೆ ಎತ್ತಲಿಲ್ಲ. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದು ಮೂರು ದಿನವಾಗಿತ್ತು. ಅದೇ ಕೊನೆಯ ಜ್ವರ. ಇನ್ನು ನಾಲ್ಕೈದು ದಿನ ಹಗಲೂ ರಾತ್ರಿ ತಿಂದು, ಹಣ್ಣಾಗಿ, ಗೂಡು ಕಟ್ಟುತ್ತವೆ. ಒಂದು ಹೊತ್ತು ಸೊಪ್ಪು ತಪ್ಪಿದರೂ ಬೆಳೆ ಹೋಯಿತು.

"ಇವನ್ನ ಬಿಟ್ಟು ಎಲ್ಲಿಗೆ ಬರ್ಲಿ ಟೀಚರಮ್ಮ? ಕೇಳಿ ಇಲ್ಲಿ, ಹೆಂಗೆ ತಿಂತಾವೆ" ಎಂದಳು. ಹಜಾರದ ತುಂಬ ಹುಳ ಸೊಪ್ಪು ಕಡಿಯುವ ಸದ್ದು, ಹೊರಗೆ ಮಳೆಯ ಸದ್ದು. ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ.

"ಜೀವಕ್ಕಿಂತ ಹುಳ ಹೆಚ್ಚಾ ಅಕ್ಕ?"

"ಇವೂ ಜೀವಾನೇ ಅಲ್ವಾ?"

ಸಾಲಿನ ಉಳಿದ ಮನೆಗಳಿಗೂ ಹೋದೆ. ಎಲ್ಲ ಕಡೆ ಇದೇ ಉತ್ತರ. ಎಲ್ಲರ ಮನೆಯಲ್ಲೂ ನಾಲ್ಕನೇ ಜ್ವರ ಎದ್ದ ಹುಳ, ಯಾಕೆಂದರೆ ಮೊಟ್ಟೆಯನ್ನು ಎಲ್ಲರೂ ಒಟ್ಟಿಗೇ ತಂದಿದ್ದರು. ಬೀದಿಯ ನಡುವೆ ಮಳೆಯಲ್ಲಿ ನೆನೆಯುತ್ತ ನಿಂತೆ. ಅಳು ಬಂತು. ಅತ್ತರೆ ಮಳೆಯಲ್ಲಿ ಯಾರಿಗೂ ಕಾಣುವುದಿಲ್ಲ ಎಂದು ಸ್ವಲ್ಪ ಅತ್ತೂ ಬಿಟ್ಟೆ. ಹಾಗೆ ಅಳುತ್ತಿರುವಾಗ ಥಟ್ಟನೆ ಹೊಳೆಯಿತು. ಇವರನ್ನು ಕರೆದರೆ ಇವರು ಬರುವುದಿಲ್ಲ. ಕರೆಯಬೇಕಾದದ್ದು ಹುಳಗಳನ್ನು.

ತಿರುಗಿ ಬಂದು, "ಅಕ್ಕ, ನಿನ್ನ ಹುಳಕ್ಕೆ ಹೆಂಚಿನ ಛಾವಣಿ, ಒಣ ನೆಲ, ಒಳ್ಳೆ ಗಾಳಿ ಇರೋ ಜಾಗ ಕೊಟ್ರೆ?" ಎಂದೆ.

ಅವಳ ಕೈ ನಿಂತಿತು. "ಎಲ್ಲಿ?"

"ಸ್ಕೂಲಲ್ಲಿ."

ನಿಜ ಹೇಳಬೇಕೆಂದರೆ ಅವಳಿಗೂ ಆ ವಾರವೆಲ್ಲ ಗೋಡೆಯ ತೇವದ ಚಿಂತೆ ಇತ್ತು, ತೇವ ಏರಿದರೆ ಹುಳಕ್ಕೆ ರೋಗ ಬರುತ್ತದೆ. "ನಿಮ್ಮ ಹೆಡ್ ಮಾಸ್ತರು ಒಪ್ತಾರಾ?" ಎಂದು ಕೇಳಿದಳು.

ಮಳೆಗೆ ಸ್ಕೂಲು ಮುಚ್ಚಿತ್ತು, ಹೆಡ್ ಮಾಸ್ತರ ಮನೆಗೆ ಹೋದೆ. ಅವರು ಒಪ್ಪಲಿಲ್ಲ. "ತಲೆ ನೆಟ್ಟಗಿದೆಯೇನಮ್ಮ? ಕ್ಲಾಸ್ ರೂಮಲ್ಲಿ ಹುಳ ಸಾಕೋದಾ? ನಾಳೆ ಇನ್ಸ್‌ಪೆಕ್ಟರು ಬಂದ್ರೆ ಏನಂತ ಹೇಳ್ಲಿ?"

"ಈ ಮಳೇಲಿ ಬಂದ್ರೆ ಅವರಿಗೂ ಎರಡು ಹಿಡಿ ಸೊಪ್ಪು ಹಾಕೋಣ ಸಾರ್" ಎಂದು ಬೀಗದ ಕೈ ಎತ್ತಿಕೊಂಡೆ. ಅವರು ಬೈಯುತ್ತಲೇ ಹಿಂದೆ ಬಂದು, ತುಕ್ಕು ಹಿಡಿದ ಬೀಗ ನನ್ನಿಂದ ತೆಗೆಯಲಾಗದೆ, ತಾವೇ ತೆಗೆದುಕೊಟ್ಟರು.

ಆ ಮಧ್ಯಾಹ್ನದ ಮೆರವಣಿಗೆಯನ್ನು ನೀವು ನೋಡಬೇಕಿತ್ತು. ತಟ್ಟೆಗಳ ಮೇಲೆ ಗೋಣಿ, ಗೋಣಿಯ ಮೇಲೆ ಪ್ಲಾಸ್ಟಿಕ್ಕು, ಅವನ್ನು ತಲೆಯ ಮೇಲಿಟ್ಟುಕೊಂಡು ಮುನಿಯಕ್ಕ ಮುಂದೆ, ನನ್ನ ಇಡೀ ಹತ್ತನೇ ಕ್ಲಾಸು ಹಿಂದೆ. ಕೆಸರಿನಲ್ಲಿ ಒಬ್ಬರೂ ಜಾರಲಿಲ್ಲ. ಮುನಿಯಮ್ಮನ ಹುಳ ಒಣ ಜಾಗಕ್ಕೆ ಹೋಯಿತು ಎಂದು ಸುದ್ದಿಯಾದದ್ದೇ ತಡ, ಪಕ್ಕದ ಮನೆಯವರಿಗೆ ಹೊಟ್ಟೆ ಉರಿಯಿತು. "ಅವಳಿಗೆ ಮಾತ್ರ ಯಾಕೆ ಸ್ಕೂಲು, ನಮ್ಮ ಮಕ್ಕಳು ಓದಲ್ವಾ ಅಲ್ಲಿ?" ಎಂದು ಅವರೂ ಹೊರಟರು. ಅವರ ಹಿಂದೆ ಅವರ ಪಕ್ಕದವರು. ಏರಿ ಒಡೆಯುತ್ತದೆ ಎಂದಾಗ ಕದಲದವರು ಪಕ್ಕದ ಮನೆಯವರಿಗೆ ಜಾಗ ಸಿಗುತ್ತದೆ ಎಂದಾಗ ಓಡೋಡಿ ಬಂದರು.

ಮುನಿಯಕ್ಕ ಸ್ಕೂಲಿನ ಬಾಗಿಲಲ್ಲಿ ಬಕೀಟು ಇಟ್ಟುಕೊಂಡು ನಿಂತಳು. ಕೈಕಾಲು ತೊಳೆಯದೆ ಯಾರೂ ಒಳಗಿಲ್ಲ. ಹೆಡ್ ಮಾಸ್ತರಿಗೆ ನಶ್ಯದ ಅಭ್ಯಾಸ. ಹೊಗೆಸೊಪ್ಪಿನ ಗಾಳಿ ತಗುಲಿದರೂ ಹುಳ ಸಾಯುತ್ತವೆ. "ಸಾರ್, ತಪ್ಪು ತಿಳ್ಕೋಬೇಡಿ, ನೀವು ಆಚೆ ಇರಿ" ಎಂದು ಅವಳು ಅವರನ್ನು ಅವರ ಸ್ಕೂಲಿನಿಂದಲೇ ಹೊರಗಿಟ್ಟಳು. ಪಾಪ, ಮನುಷ್ಯ ಸೈಕಲ್ ಶೆಡ್ಡಿನಲ್ಲಿ ಕುರ್ಚಿ ಹಾಕಿಕೊಂಡು ಕೂತು, ಮಾರನೆ ದಿನ ನಶ್ಯದ ಡಬ್ಬಿಯನ್ನೇ ಎಸೆದರು.

ಹುಳ ಬಂದ ಮೇಲೆ ಸೊಪ್ಪು ಹಾಕಲು ಹೆಂಗಸರು ಬಂದರು. ಹೆಂಗಸರು ಇದ್ದ ಕಡೆ ಮಕ್ಕಳು ಬಂದವು. ಮುದ್ದೆ ಇಲ್ಲೇ ಬೇಯುತ್ತಿದ್ದುದರಿಂದ ಗಂಡಸರು ಬಂದರು. ಗಂಡಸರು ಇಲ್ಲದ ಮೇಲೆ ಮೇವು ಹಾಕುವವರು ಯಾರು ಎಂದು ದನಗಳೂ ಬಂದವು. ಸಂಜೆಯ ಹೊತ್ತಿಗೆ ಏರಿ ಕೆಳಗಿನ ಸಾಲು ಖಾಲಿಯಾಗಿತ್ತು. ಊರು ಬಿಡುತ್ತೇನೆ ಎಂದು ಒಬ್ಬರೂ ಬಾಯಿಬಿಟ್ಟು ಒಪ್ಪಿರಲಿಲ್ಲ. ಚೌಡರೆಡ್ಡಿಯವರು ಮಾತ್ರ ಕೊಡೆ ಹಿಡಿದು ಏರಿಯ ಮೇಲೆ ಶತಪಥ ಹಾಕುತ್ತಿದ್ದರು.

ಬೆಳಿಗ್ಗೆ ಹುಳಕ್ಕೆ ಮೊದಲ ಸೊಪ್ಪು ಹಾಕಿ ವರಾಂಡಕ್ಕೆ ಬಂದಾಗ ಮಳೆ ನಿಂತಿತ್ತು, ಬೆಳಕು ಚೆನ್ನಾಗಿತ್ತು. ಚೌಡರೆಡ್ಡಿಯವರು ಕೋಡಿಯ ಹತ್ತಿರ ಒಬ್ಬರೇ ಬಗ್ಗಿ ಮೂಟೆ ಎಳೆದು ಹಾಕುತ್ತಿದ್ದುದು ಕಂಡಿತು. ರಾತ್ರಿ ಅವರಿಗೂ ಕೆಂಪು ನೀರು ಕಂಡಿರಬೇಕು. ಒಂದಿಷ್ಟು ನೀರು ಕೋಡಿಯಲ್ಲಿ ಹೊರಟಿತು. ನಾಲ್ಕಾರು ಜನ ಅವರ ಸಹಾಯಕ್ಕೆ ದಿನ್ನೆ ಇಳಿಯಲು ಹೊರಟರು. ಅಷ್ಟರಲ್ಲಿ ಏರಿಯ ನಡು ಕುಸಿಯಿತು.

ದೊಡ್ಡ ಸದ್ದೇನೂ ಆಗಲಿಲ್ಲ. ಮಣ್ಣು ಕೂತಿತು, ಅಷ್ಟೆ. ಆಮೇಲೆ ನೀರು ಬಂತು. ತೋಟ ಮುಳುಗಿತು, ಗೋಡೆಗಳು ಒಂದಾದ ಮೇಲೆ ಒಂದು ಕರಗಿ ಬಿದ್ದವು. ಮುನಿಯಕ್ಕನ ಮನೆಯ ಸೂರು ಸ್ವಲ್ಪ ದೂರ ತೇಲಿಹೋಗಿ ಹೊಂಗೆಮರಕ್ಕೆ ಸಿಕ್ಕಿಕೊಂಡಿತು. ಪದ್ಮ ನನ್ನ ಕೈ ಹಿಡಿದಿದ್ದಳು. ನಮ್ಮ ಹಿಂದೆ ಕ್ಲಾಸ್ ರೂಮುಗಳಲ್ಲಿ ಹುಳ ಸೊಪ್ಪು ತಿನ್ನುತ್ತಲೇ ಇದ್ದವು. ಚೌಡರೆಡ್ಡಿಯವರು ಕೋಡಿಯ ಕಡೆ ಉಳಿದ ಏರಿಯ ಮೇಲೆ ನಿಂತಿದ್ದುದು ಕಂಡಿತು. ನಾವು ಎಣಿಸಿ ನೋಡಿದೆವು, ಉಳಿದ ಜನ ಎಲ್ಲರೂ ದಿನ್ನೆಯ ಮೇಲಿದ್ದರು. ಆ ಹೊತ್ತು ನನ್ನ ಮನಸ್ಸಿನಲ್ಲಿ ಇದ್ದದ್ದು ಸಂತೋಷ. ಅದನ್ನು ಮುಚ್ಚಿಟ್ಟುಕೊಳ್ಳುವುದೇಕೆ.

ಏರಿಯ ಉಳಿದ ತುಂಡಿನ ಮೇಲೆ ಸುತ್ತಿ ಬಳಸಿ ಚೌಡರೆಡ್ಡಿಯವರು ಮಧ್ಯಾಹ್ನ ದಿನ್ನೆಗೆ ಬಂದರು. ಯಾರ ಮುಖವನ್ನೂ ನೋಡದೆ ಮೆಟ್ಟಿಲ ಮೇಲೆ ಕೂತರು. "ನಾನೇ ಕಟ್ಟಿಸಿದ್ದು" ಎಂದರು.

ಮುನಿಯಕ್ಕ ಬಕೀಟು ತಂದು ಅವರ ಮುಂದಿಟ್ಟಳು. "ನಾನೂ ಚೀಲ ಕೊಟ್ಟಿದ್ದೆ ಭಾವ. ಎಲ್ಲಾರೂ ಕೊಟ್ಟಿದ್ವಿ. ಎದ್ದು ಕೈಕಾಲು ತೊಳ್ಕೊಳ್ಳಿ, ಸೊಪ್ಪು ಹಾಕೋ ಹೊತ್ತಾಯ್ತು." ಅವರು ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಒಳಗೆ ಹೋದರು.

ನಮ್ಮ ತೋಟ ನೀರಿನಲ್ಲಿದ್ದರೂ ಸುತ್ತಲಿನ ಊರುಗಳಿಂದ ಗಾಡಿಯಲ್ಲಿ ಸೊಪ್ಪು ಬಂತು, ಸೈಕಲ್ಲಿನಲ್ಲಿ ಬಂತು, ತಲೆಹೊರೆಯಲ್ಲಿ ಬಂತು. ನಾವು ನೀರು ಕೊಡದೆ ಕೋಡಿ ಕಟ್ಟಿದೆವಲ್ಲ, ಆ ಪಕ್ಕದೂರಿನಿಂದಲೂ ಬಂತು. ಹುಳ ಹಣ್ಣಾದವು. ಅವು ಗೂಡು ಕಟ್ಟುವ, ಸುರುಳಿ ಸುತ್ತಿದ ಬಿದಿರಿನ ಚಂದ್ರಿಕೆಗಳನ್ನು ವರಾಂಡದುದ್ದಕ್ಕೂ ಒರಗಿಸಿಟ್ಟರು. ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಅಲ್ಲಿಯವರೆಗೆ ನಾನು ಸೈಕಲ್ ಶೆಡ್ಡಿನಲ್ಲಿ ಪಾಠ ಮಾಡಿದೆ. ಪದ್ಮ ಪರೀಕ್ಷೆಯಲ್ಲಿ ಪಾಸಾದಳು.

ಅಧಿಕಾರಿಗಳು ಜೀಪಿನಲ್ಲಿ ಬಂದರು. ಅಂಥ ಕೆಲಸಗಳಲ್ಲಿ ಆಗುವ ತಡವೆಲ್ಲ ಆಗಿ, ಕೊನೆಗೆ ಬೇಸಿಗೆಯಲ್ಲಿ ದಿನ್ನೆಯ ಮೇಲೆ ಎಲ್ಲರಿಗೂ ಒಂದೊಂದು ಮನೆ ಎದ್ದಿತು. ಕಲ್ಲಿನ ಗೋಡೆ, ಗಟ್ಟಿ ಛಾವಣಿ. ಏರಿಯ ರಿಪೇರಿಯೂ ಆಯಿತು. ನಾನು ರಜೆಗೆ ಊರಿಗೆ ಹೋಗುವಾಗ ಮುನಿಯಕ್ಕ ಹೊಸ ಮನೆಗೆ ಸುಣ್ಣ ಹೊಡೆಯುತ್ತಿದ್ದಳು. ಅವಳ ಕಣ್ಣ ಮುಂದೆ ಆ ಸೂರು ತೇಲಿಹೋದದ್ದು ನನ್ನ ತಲೆಯಲ್ಲಿ ಚಳಿಗಾಲವೆಲ್ಲ ತಿರುಗುತ್ತಿತ್ತು. ಇನ್ನು ಭಯವಿಲ್ಲ ಎಂದುಕೊಂಡು ನೆಮ್ಮದಿಯಿಂದ ಬಸ್ಸು ಹತ್ತಿದೆ.

ಜೂನ್ ತಿಂಗಳಲ್ಲಿ ಸ್ಕೂಲು ತೆರೆಯುವ ಹಿಂದಿನ ದಿನ ಟ್ರಂಕು ಹೊತ್ತು ಬಂದು ದಿನ್ನೆಯ ಮೇಲೆ ಅವಳ ಬಾಗಿಲು ತಟ್ಟಿದೆ. ಬಾಗಿಲು ತೆರೆದೇ ಇತ್ತು. ಒಳಗೆ ಗೋಡೆಯಿಂದ ಗೋಡೆಗೆ ತಟ್ಟೆಗಳು, ತಟ್ಟೆಗಳ ತುಂಬ ಸಣ್ಣ ಹುಳ. ಒಲೆ ಇಲ್ಲ, ಚಾಪೆ ಇಲ್ಲ, ಪಾತ್ರೆ ಇಲ್ಲ. ತಿರುಗಿ ನೋಡಿದೆ. ಕೆಳಗೆ, ಏರಿಯ ಬುಡದಲ್ಲಿ, ಹಳೆಯ ಮನೆ ಇದ್ದ ಜಾಗದಲ್ಲೇ ಒಂದು ಹೊಸ ಗುಡಿಸಲು, ಅದರಿಂದ ಹೊಗೆ. ಪಕ್ಕದಲ್ಲಿ ಅಂಥವೇ ಇನ್ನಷ್ಟು.

ನನ್ನ ಸಿಟ್ಟು ನೆತ್ತಿಗೇರಿತು. ಟ್ರಂಕನ್ನು ಅಲ್ಲೇ ಬಿಟ್ಟು ದಡದಡ ಇಳಿದು ಹೋದೆ. ಮುನಿಯಕ್ಕ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದಳು. ನೀರು ಹೂಳು ತಂದು ಹಾಕಿದ್ದರಿಂದ ಆ ಸೊಪ್ಪು ಹಿಂದೆಂದೂ ಇಲ್ಲದಷ್ಟು ದಟ್ಟವಾಗಿ ಬಂದಿತ್ತು.

"ಅಕ್ಕ, ನಿನಗೆ ಬುದ್ಧಿ ಇದೆಯಾ? ಗಟ್ಟಿ ಮನೆ ಕೊಟ್ರೆ ಅದರಲ್ಲಿ ಹುಳ ಇಟ್ಟು ನೀನು ಬಂದು ಏರಿ ಕೆಳಗೆ ಮಲಗ್ತೀಯಾ?"

"ಬಾವಿ ಇಲ್ಲೈತೆ, ತೋಟ ಇಲ್ಲೈತೆ. ಬೆಳಗ್ಗೆ ಎದ್ದು ದಿನ್ನೆಯಿಂದ ಇಳಿದು ಬರೋ ಹೊತ್ಗೆ ಬಿಸಿಲೇರಿ ಸೊಪ್ಪು ಬಾಡ್ತದೆ" ಎಂದಳು, ಕೈ ನಿಲ್ಲಿಸದೆ.

"ಮತ್ತೆ ನೀರು ಬಂದ್ರೆ?"

"ಹುಳ ಓಡಲ್ಲ ಟೀಚರಮ್ಮ. ಅದಕ್ಕೆ ಮೇಲಿಟ್ಟಿವ್ನಿ. ನಾನು ಓಡ್ತೀನಿ."

ಏರಿಯ ಹೊಸ ಮಣ್ಣನ್ನು ಒಮ್ಮೆ ನೋಡಿದೆ. "ಹಾಗಾದ್ರೆ ನಾನೆಲ್ಲಿ ಇರ್ಲಿ?" ಎಂದೆ.

ಮುನಿಯಕ್ಕ ಸೊಪ್ಪಿನ ಹೊರೆ ಕೆಳಗಿಟ್ಟು ನನ್ನನ್ನು ತಲೆಯಿಂದ ಕಾಲಿನವರೆಗೆ ಅಳೆದಳು. "ಓಡಕ್ಕೆ ಬರ್ತದಾ?"

"ಬರ್ತದೆ."

"ಹಂಗಾದ್ರೆ ಟ್ರಂಕು ಇಳಿಸ್ಕೊಂಡು ಬನ್ನಿ."